ಬಾಗಿಲ ಮೇಲಿನ ಇಸವಿ, ಮೂಲೆಯ ಪುಟ್ಟ ಕಿಟಕಿ

ಪ್ರಶ್ನೆ: ನಾನು ಸಾಗರದವನು, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗಳು, ಅಳಿಯ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾರೆ. ಯಾರ್ಕ್‌ಶೈರ್ ಡೇಲ್ಸ್‌ನ ವೆನ್ಸ್ಲಿಡೇಲ್ ಕಣಿವೆಯಲ್ಲಿ ಹಳೇ ಕಲ್ಲಿನ ಫಾರ್ಮ್‌ಹೌಸ್ ಒಂದನ್ನು ಕೊಳ್ಳಲು ಹೊರಟಿದ್ದಾರೆ. ಮಾತುಕತೆ ಮುಗಿದಿದೆ, ಕಾಗದಪತ್ರ ಇನ್ನೂ ಆಗಿಲ್ಲ. ಗೋಡೆ ಎರಡಡಿ ದಪ್ಪ. ಬಾಗಿಲ ಮೇಲಿನ ಕಲ್ಲಿನಲ್ಲಿ 1687 ಎಂದು ಕೆತ್ತಿದೆ, ಜೊತೆಗೆ ಇಂಗ್ಲಿಷಿನ ಮೂರು ಅಕ್ಷರ: ಮೇಲೆ ಎಂ, ಕೆಳಗೆ ಐ ಮತ್ತು ಎ. ಮನೆ 1687ರದ್ದೇ ಎಂದು ಏಜೆಂಟ್ ಹೇಳುತ್ತಾನೆ. ಮನೆಗೆ ಅಂಟಿಕೊಂಡೇ ದೊಡ್ಡ ಕೊಟ್ಟಿಗೆ ಇದೆ. ಎರಡಕ್ಕೂ ಒಂದೇ ಮಾಡು, ಆದರೆ ಒಳಗಿಂದ ಹೋಗಲು ದಾರಿ ಇಲ್ಲ. ನಡುಮನೆಯ ಮೂಲೆಯಲ್ಲಿ ಒಂದಡಿ ಅಗಲದ ಕಿಟಕಿ ಇದೆ. ಅದರಿಂದ ಬೆಳಕೂ ಇಲ್ಲ, ಹೊರಗಿನ ನೋಟವೂ ಇಲ್ಲ. ಅದರ ಹತ್ತಿರವೇ ಅಡ್ಡಲಾಗಿ ಒಂದು ಭಾರಿ ತೊಲೆ. ಅಳಿಯನ ತಲೆ ಆಗಲೇ ಎರಡು ಸಲ ಬಡಿದಿದೆ. ಗೋಡೆಯ ಕೆಳಭಾಗ ಒದ್ದೆ. ತೂತು ಕೊರೆದು ಕೆಮಿಕಲ್ ತುಂಬಿ, ಒಳಗೆ ಸಿಮೆಂಟ್ ಪ್ಲಾಸ್ಟರ್ ಮಾಡಬೇಕು ಎಂದು ಒಬ್ಬ ಕಂಟ್ರಾಕ್ಟರ್ ಹೇಳಿದ್ದಾನೆ. ತೊಲೆ ತೆಗೆದು, ಆ ಕಿಟಕಿ ಮುಚ್ಚಿ, ಕೊಟ್ಟಿಗೆಗೆ ಬಾಗಿಲು ಒಡೆಯಬೇಕು ಅಂತ ಅಳಿಯನ ಆಸೆ. ಏನು ಹೇಳಲಿ?

ಉತ್ತರ: ಮೇಷ್ಟ್ರೇ, ಮೊದಲು ಮಗಳಿಗೆ ಫೋನ್ ಮಾಡಿ, ಆ ಮೂಲೆಯ ಕಿಟಕಿ ಮುಟ್ಟಬೇಡಿ ಎಂದು ಹೇಳಿಬಿಡಿ. ಆಮೇಲೆ ಬಂದು ಮುಂದೆ ಓದಿ. ಇಡೀ ಪತ್ರದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಆ ಕೆಲಸಕ್ಕೆ ಬಾರದ ಕಿಟಕಿಯೇ.

ಅದು ಒಲೆಯ ಕಿಟಕಿ. ಅಲ್ಲಿನವರು ಅದನ್ನು ಫೈರ್ ವಿಂಡೋ ಎನ್ನುತ್ತಾರೆ. ಇವತ್ತು ಅದು ಮೂಲೆಯಲ್ಲಿ ಸುಮ್ನೆ ಕೂತಂತೆ ಕಾಣುತ್ತದೆ. ಯಾಕೆಂದರೆ ಅದು ಯಾವುದಕ್ಕೆ ಬೆಳಕು ಕೊಡುತ್ತಿತ್ತೋ ಆ ವಸ್ತುವೇ ಈಗ ಇಲ್ಲ. ಹದಿನೇಳನೇ ಶತಮಾನದಲ್ಲಿ ಈ ಭಾಗದ ರೈತರ ಮನೆಯಲ್ಲಿ ಒಂದು ದೊಡ್ಡ ಕೋಣೆ ಇರುತ್ತಿತ್ತು. ಯಾರ್ಕ್‌ಶೈರಿನಲ್ಲಿ ಅದಕ್ಕೆ ‘ಹೌಸ್‌ಬಾಡಿ’ ಎಂಬ ಹೆಸರು, ಎಷ್ಟೋ ಕಡೆ ಬರೀ ‘ಹೌಸ್’. ಅಡುಗೆ, ಊಟ, ಹರಟೆ, ಲೆಕ್ಕಾಚಾರ ಎಲ್ಲ ಅಲ್ಲೇ. ಅದರ ಒಂದು ತುದಿಯ ಗೋಡೆಗೆ ಒರಗಿಕೊಂಡು ನೆಲಮಟ್ಟದಲ್ಲಿ ಒಲೆ ಉರಿಯುತ್ತಿತ್ತು. ಈಗಿನ ಚಿಮಣಿ ಅಲ್ಲ. ಒಲೆಯ ಮೇಲೆ ಮರದ ಚೌಕಟ್ಟಿಗೆ ಕಡ್ಡಿ ಹೆಣೆದು, ಮಣ್ಣು ಸುಣ್ಣ ಮೆತ್ತಿದ ದೊಡ್ಡ ಗೂಡು. ಕೆಳಗೆ ಪುಟ್ಟ ಕೋಣೆಯಷ್ಟು ಅಗಲ, ಮೇಲೆ ಹೋದಂತೆ ಕಿರಿದು, ಕೊನೆಗೆ ಮಾಡಿನಿಂದ ಹೊರಕ್ಕೆ. ಇಂಗ್ಲಿಷಿನಲ್ಲಿ ಇದು ಫೈರ್‌ಹುಡ್. ಅದರ ಮುಂದಿನ ಅಂಚಿನ ಭಾರ ಹೊರಲು ಕೋಣೆಗೆ ಅಡ್ಡಲಾಗಿ ಒಂದು ದಪ್ಪ ತೊಲೆ ಬೇಕಿತ್ತು. ನಿಮ್ಮ ಅಳಿಯನ ತಲೆಗೆ ಬಡಿದದ್ದು ಅದೇ ಎಂದು ನನ್ನ ಅಂದಾಜು.

ಅಂದರೆ ತೊಲೆಗೂ ಗೋಡೆಗೂ ನಡುವೆ ಇದ್ದದ್ದು ಒಲೆಯ ಕೋಣೆ. ಅದರೊಳಗೇ ಬೆಂಚು ಹಾಕಿ ಕೂರುತ್ತಿದ್ದರು. ಡೇಲ್ಸ್‌ನ ಹೆಂಗಸರು, ಗಂಡಸರು, ಮಕ್ಕಳು ಎಲ್ಲರೂ ಉಣ್ಣೆಯ ಕಾಲುಚೀಲ ಹೆಣೆದು ಮಾರುತ್ತಿದ್ದ ಕಾಲ ಅದು. ಗೂಡಿನ ನೆರಳಿನಲ್ಲಿ ಕೂತವರಿಗೆ ಕೈಕೆಲಸಕ್ಕೆ, ಪಾತ್ರೆಯೊಳಗೆ ಇಣುಕಲಿಕ್ಕೆ ಒಂದಿಷ್ಟು ಬೆಳಕು ಬೇಕಲ್ಲ, ಅದಕ್ಕೇ ಆ ಕಿಟಕಿ. ಮುಂದೆ ಕಲ್ಲಿನ ಚಿಮಣಿ ಬಂತು, ಗೂಡನ್ನು ಕಿತ್ತರು. ಹತ್ತೊಂಬತ್ತನೇ ಶತಮಾನದಲ್ಲಿ ಎರಕದ ಕಬ್ಬಿಣದ ದೊಡ್ಡ ಒಲೆ ಬಂತು. ಇಪ್ಪತ್ತನೇ ಶತಮಾನದಲ್ಲಿ ಎಷ್ಟೋ ಮನೆಗಳಲ್ಲಿ ಅದೂ ಹೋಗಿ, ಟೈಲ್ಸ್ ಹಚ್ಚಿದ ಪುಟ್ಟ ಬೆಂಕಿಗೂಡು ಬಂತು. ಒಂದರೊಳಗೆ ಒಂದು ತುರುಕಿದ ಡಬ್ಬಿಗಳ ಹಾಗೆ. ಇಷ್ಟೆಲ್ಲ ಬದಲಾದರೂ ಕಿಟಕಿ ಮತ್ತು ತೊಲೆ ಮಾತ್ರ ಇದ್ದಲ್ಲೇ ಉಳಿದವು.

ನಾನು ಹೇಳಿದ್ದು ಸರಿಯೇ ಎಂದು ನೋಡಲು ಮಗಳು ಟಾರ್ಚ್ ಹಿಡಿದು ಅಟ್ಟ ಹತ್ತಲಿ. ಆ ತುದಿಗೋಡೆಯ ಒಳಮೈಯ ಕಲ್ಲುಗಳು ಮಸಿ ಹಿಡಿದಿವೆಯೇ? ತೊಲೆ ಮತ್ತು ಗೋಡೆಯ ನಡುವಿನ ಜಾಗದಲ್ಲಿ ಮಹಡಿಯ ಜಂತೆಗಳು ಬೇರೆ ಥರ ಇವೆಯೇ, ಆಮೇಲೆ ಸೇರಿಸಿದಂತೆ ತೆಳ್ಳಗೆ ಕಾಣುತ್ತವೆಯೇ? ಗೂಡು ಕಿತ್ತ ಮೇಲೆ ಉಳಿದ ತೂತನ್ನು ಹಾಗೆ ಮುಚ್ಚುತ್ತಿದ್ದರು. ಕೆಳಗೆ ಒಲೆಯ ಪಕ್ಕದ ಗೋಡೆಯಲ್ಲಿ ಒಂದು ಚಿಕ್ಕ ಚೌಕ ಗೂಡು, ಅದಕ್ಕೆ ಮರದ ಬಾಗಿಲು ಇದ್ದರಂತೂ ಇನ್ನೂ ಚೆನ್ನ. ಉಪ್ಪು, ಮಸಾಲೆ ಒಣಗಿರಲಿ ಎಂದು ಬೆಂಕಿಯ ಹತ್ತಿರ ಮಾಡಿದ ಗೂಡು ಅದು. ಅದರಲ್ಲಿದ್ದ ಕಾಳುಮೆಣಸು ನಿಮ್ಮ ಕಡೆಯ ಘಟ್ಟದಿಂದ ಇಳಿದು ಹೋದದ್ದೂ ಇದ್ದೀತು. 1687 ಅಂದರೆ ಕೆಳದಿಯಲ್ಲಿ ಚೆನ್ನಮ್ಮಾಜಿ ಆಳುತ್ತಿದ್ದ ಕಾಲ, ಅಲ್ವಾ?

ತೊಲೆಯ ಬಗ್ಗೆ ಇನ್ನೊಂದು ಮಾತು. ಅದರಲ್ಲಿ ಅರ್ಥವಿಲ್ಲದ ತೂತುಗಳು, ಕಚ್ಚುಗಳು ಕಾಣಿಸಬಹುದು. ಆಗ ಏಜೆಂಟ್ ಖಂಡಿತ ಒಂದು ಕತೆ ಹೇಳುತ್ತಾನೆ, ಇದು ಹಳೇ ಹಡಗಿನ ಮರ ಅಂತ. ಇಂಗ್ಲೆಂಡಿನಲ್ಲಿ ಸಮುದ್ರದಿಂದ ಐವತ್ತು ಮೈಲಿ ಒಳಗಿನ ಮನೆಗೂ ಹಡಗಿನ ಮರದ ಕತೆ ಇರುತ್ತದೆ. ನಗುತ್ತಾ ಕೇಳಿ ಬಿಡಿ. ಓಕ್ ಮರ ದುಬಾರಿ. ಹಳೇ ಮನೆ ಬಿಚ್ಚಿದಾಗ ಅದರ ತೊಲೆಯನ್ನೇ ಹೊಸದಕ್ಕೆ ಹಾಕುತ್ತಿದ್ದರು. ನಮ್ಮಲ್ಲೂ ಹಳೇ ಮನೆಯ ಬೀಟೆ ಬಾಗಿಲು ಹೊಸ ಮನೆಗೆ ಬರುವುದಿಲ್ಲವೇ?

ಆ ‘ಹಳೇ ಮನೆ’ ಎಂಥದ್ದು ಎಂದು ಗೊತ್ತಾದರೆ ಇಸವಿಯ ಪ್ರಶ್ನೆಗೂ ಉತ್ತರ ಸಿಗುತ್ತದೆ. ಕಲ್ಲಿನ ಮನೆ ಬರುವ ಮುಂಚೆ ಇಲ್ಲಿನ ರೈತರು ಇದ್ದದ್ದು ಮರದ ಮನೆಯಲ್ಲಿ. ಬಾಗಿದ ಮರದ ಕಾಂಡವನ್ನು ಉದ್ದಕ್ಕೆ ಸೀಳಿ, ಎರಡು ಹೋಳನ್ನು ಎದುರುಬದುರು ನಿಲ್ಲಿಸಿ ತುದಿ ಕೂಡಿಸುತ್ತಿದ್ದರು. ನೆಲದಿಂದ ಮಾಡಿನ ತುದಿಯವರೆಗೆ ಅದೇ ಕಂಬ, ಮಾಡು ಹೊರುವ ಮರವೂ ಅದೇ. ಇದಕ್ಕೆ ಕ್ರಕ್ ಎನ್ನುತ್ತಾರೆ. ಮೇಲೆ ಹುಲ್ಲು ಅಥವಾ ಹೀದರ್ ಗಿಡದ ಹೊದಿಕೆ. ಹಟನ್-ಲೆ-ಹೋಲ್ ಊರಿನ ರೈಡೇಲ್ ಫೋಕ್ ಮ್ಯೂಸಿಯಂನಲ್ಲಿ ಅಂಥ ಒಂದು ಮನೆಯನ್ನು ಬೇರೆ ಕಡೆಯಿಂದ ಬಿಚ್ಚಿ ತಂದು ಕಟ್ಟಿ ನಿಲ್ಲಿಸಿದ್ದಾರೆ. ನೀವು ಹೋದಾಗ ನೋಡಿ ಬನ್ನಿ. ಹೊರಗಡೆ ಕಲ್ಲು, ಒಳಗಡೆ ಹಳೇ ಕ್ರಕ್ ಎಂಬ ಮನೆಗಳೂ ಇವೆ. ಹಳೇ ಮರದ ಮೈಗೆ ಹೊಸ ಕಲ್ಲಿನ ಅಂಗಿ ತೊಡಿಸಿದ ಹಾಗೆ.

ಇಂಗ್ಲೆಂಡಿನ ಹಳ್ಳಿಮನೆಗಳು ಒಂದು ಕಾಲದಲ್ಲಿ ಸಾಮೂಹಿಕವಾಗಿ ಹೊಸದಾದವು ಎಂದು ಇತಿಹಾಸಕಾರ ಡಬ್ಲ್ಯೂ.ಜಿ. ಹಾಸ್ಕಿನ್ಸ್ 1953ರಲ್ಲಿ ಬರೆದರು. ಅವರು ಹೇಳಿದ ಅವಧಿ 1570ರಿಂದ 1640. ಆದರೆ ಡೇಲ್ಸ್ ಇರುವ ಉತ್ತರದ ಗುಡ್ಡಗಾಡಿಗೆ ಈ ಅಲೆ ತಡವಾಗಿ, ಹದಿನೇಳನೇ ಶತಮಾನದ ಎರಡನೇ ಅರ್ಧದಲ್ಲಿ ಬಂತು. ಹಾಗಾಗಿ 1687 ನಂಬಲು ಯೋಗ್ಯವಾದ ಇಸವಿಯೇ. ದೊರೆ ಎಂಟನೇ ಹೆನ್ರಿ ಕ್ರೈಸ್ತ ಮಠಗಳನ್ನು ಮುಚ್ಚಿಸಿದ ಮೇಲೆ ಈ ಕಣಿವೆಗಳ ಬಹಳಷ್ಟು ಜಮೀನು ಕೈಬದಲಾಯಿತು. ವೆನ್ಸ್ಲಿಡೇಲ್‌ನ ಜೆರ್ವೋ ಮಠ 1537ರಲ್ಲೇ ಹೋಯಿತು. ಕಾಲ ಕಳೆದಂತೆ ಗೇಣಿದಾರರಿಗೆ ಜಮೀನಿನ ಮೇಲೆ ಭದ್ರ ಹಕ್ಕು ಬಂತು. ದನ, ಕುರಿ, ಬೆಣ್ಣೆ, ಚೀಸ್, ಉಣ್ಣೆ ಕೈಗೆ ಕಾಸು ಕೊಟ್ಟವು. ನಾಳೆ ಯಾರೂ ಎಬ್ಬಿಸುವುದಿಲ್ಲ ಎಂಬ ಧೈರ್ಯ ಬಂದ ಮೇಲೆ ತಾನೇ ಮನುಷ್ಯ ಕಲ್ಲಿನಲ್ಲಿ ಕಟ್ಟುವುದು.

ಈಗ ಆ ಮೂರು ಅಕ್ಷರ. ಮೇಲಿನದು ಮನೆತನದ ಹೆಸರಿನದು. ಕೆಳಗೆ ಎಡಕ್ಕೆ ಗಂಡ, ಬಲಕ್ಕೆ ಹೆಂಡತಿ. ಆಗ ಜೆ ಬದಲು ಐ ಬರೆಯುತ್ತಿದ್ದರು, ಆದ್ದರಿಂದ ಆತ ಜಾನ್ ಅಥವಾ ಜೇಮ್ಸ್ ಇರಬಹುದು. ಆಕೆ ಆನ್, ಆಗ್ನೆಸ್, ಆಲಿಸ್, ಯಾರೂ ಆಗಬಹುದು. ವೆನ್ಸ್ಲಿಡೇಲ್‌ನಲ್ಲಿ ಎಂ ಎಂದರೆ ಎಲ್ಲರ ಬಾಯಿಗೂ ಮೊದಲು ಬರುವುದು ಮೆಟ್‌ಕಾಫ್. ಆ ಮನೆತನದವರು ಅಲ್ಲಿ ಅಷ್ಟೊಂದು ಜನ. ಆದರೆ ಹಾಗೆಂದು ತೀರ್ಮಾನ ಮಾಡಿಬಿಡಬೇಡಿ.

ಇಸವಿ ಏನನ್ನು ಹೇಳುತ್ತದೆ ಎಂಬುದು ಬೇರೆ ಮಾತು. ಮನೆ ಕಟ್ಟಿದ ವರ್ಷ ಇರಬಹುದು, ಮದುವೆಯಾದ ವರ್ಷ ಇರಬಹುದು. ಹಳೇ ಮನೆಗೆ ಹೊಸ ಮುಂಬದಿ ಕಟ್ಟಿದ್ದಿರಬಹುದು. ಬೇರೆ ಬಾಗಿಲಿನ ಕಲ್ಲು ತಂದು ಇಲ್ಲಿ ಕೂರಿಸಿದ್ದೂ ಇರಬಹುದು. ನಾನು ಮೊದಲು ನೋಡುವುದು ಕಿಟಕಿಗಳನ್ನು. ಕಲ್ಲಿನ ಸಣ್ಣ ಕಂಬಗಳಿಂದ ಭಾಗ ಮಾಡಿದ, ಎತ್ತರಕ್ಕಿಂತ ಅಗಲ ಜಾಸ್ತಿ ಇರುವ ಕಿಟಕಿಗಳಿದ್ದರೆ, ಅವುಗಳ ಮೇಲೆ ಮಳೆನೀರು ಪಕ್ಕಕ್ಕೆ ಸರಿಸಲು ಕಲ್ಲಿನ ಹುಬ್ಬು ಇದ್ದರೆ, ಅವು 1687ಕ್ಕೆ ಒಪ್ಪುತ್ತವೆ. ಎತ್ತರದ, ಮೇಲೆ ಕೆಳಗೆ ಜಾರಿಸುವ ಕಿಟಕಿಗಳು, ನಡುವೆ ಬಾಗಿಲು, ಎರಡು ಕಡೆ ಅಳೆದಂತೆ ಸಮ ಇದ್ದರೆ ಮುಂಬದಿ ಹದಿನೆಂಟನೇ ಶತಮಾನದ್ದು ಅಥವಾ ಅದರ ಈಚಿನದು. ಒಂದೇ ಗೋಡೆಯಲ್ಲಿ ಎರಡೂ ಥರ ಇದ್ದರೆ ಬೇಸರ ಬೇಡ. ಹೆಚ್ಚಿನ ಮನೆಗಳು ಹಾಗೇ.

ಕಲ್ಲು ತುಂಬಿ ಮುಚ್ಚಿದ ಕಿಟಕಿಗಳೂ ಕಾಣಿಸಬಹುದು. ಕಿಟಕಿ ತೆರಿಗೆ ತಪ್ಪಿಸಿಕೊಳ್ಳಲು ಮುಚ್ಚಿದರು ಎಂದು ಎಲ್ಲರೂ ಹೇಳುತ್ತಾರೆ. ಅಂಥ ತೆರಿಗೆ ಇದ್ದದ್ದು ನಿಜ, 1696ರಿಂದ 1851ರವರೆಗೆ. ಆದರೆ ಒಳಗಿನ ಮೆಟ್ಟಿಲು, ಕೋಣೆ ಬದಲಾದಾಗ ಮುಚ್ಚಿದ ಕಿಟಕಿಗಳೂ ಬೇಕಾದಷ್ಟಿವೆ. ಹಾಲು, ಚೀಸ್ ಇಡುವ ಕೋಣೆಗೆ ಆ ತೆರಿಗೆ ಇರಲಿಲ್ಲ. ಅಧಿಕಾರಿಗೆ ತಿಳಿಯಲಿ ಎಂದು ಅಲ್ಲಿ ‘ಡೈರಿ’ ಅಂತ ಬರೆಯುತ್ತಿದ್ದರು. ಉತ್ತರದ ಬದಿಯ ತಂಪು ಕೋಣೆ ಯಾವುದು ನೋಡಿ, ಹಾಲಿನ ಕೋಣೆ ಅದೇ. ಅಲ್ಲಿ ಕಲ್ಲಿನ ಚಪ್ಪಡಿಯ ಅಟ್ಟಣೆ ಇನ್ನೂ ಇದ್ದರೆ ತೆಗೆಯಬೇಡಿ. ಮೊಸರಿಗೆ, ಉಪ್ಪಿನಕಾಯಿ ಭರಣಿಗೆ ಅದಕ್ಕಿಂತ ಒಳ್ಳೇ ಜಾಗ ಸಿಗುವುದಿಲ್ಲ.

ಮೇಷ್ಟ್ರಾದ್ದರಿಂದ ನಿಮಗೆ ಒಂದು ಮನೆಕೆಲಸ. ಇಂಗ್ಲೆಂಡಿನಲ್ಲಿ 1662ರಿಂದ 1689ರವರೆಗೆ ಒಲೆ ತೆರಿಗೆ ಇತ್ತು, ಒಂದು ಒಲೆಗೆ ವರ್ಷಕ್ಕೆ ಎರಡು ಶಿಲ್ಲಿಂಗ್. ಯಾರ ಮನೆಯಲ್ಲಿ ಎಷ್ಟು ಒಲೆ ಎಂಬ ಪಟ್ಟಿಗಳು ಉಳಿದಿವೆ, ಹೆಚ್ಚಿನವು 1660, 70ರ ದಶಕದವು. ಆ ಊರಿನ ಪಟ್ಟಿಯಲ್ಲಿ ಎಂ ಅಕ್ಷರದ ಮನೆತನ ಹುಡುಕಿ. ಇನ್ನೂ ರುಚಿಯಾದದ್ದು ಸತ್ತವರ ಆಸ್ತಿಪಟ್ಟಿ. ಒಬ್ಬ ರೈತ ಸತ್ತರೆ ನೆರೆಯವರು ಬಂದು ಸಾಮಾನೆಲ್ಲ ಬರೆದು ಬೆಲೆ ಕಟ್ಟುತ್ತಿದ್ದರು, ಎಷ್ಟೋ ಸಲ ಕೋಣೆ ಕೋಣೆಯಾಗಿ. ಪಾರ್ಲರ್‌ನಲ್ಲಿ ಹಾಸಿಗೆ, ಮಹಡಿಯಲ್ಲಿ ಉಣ್ಣೆ ಮತ್ತು ಕಾಳು ಎಂದು ಓದಿದಾಗ ಆಶ್ಚರ್ಯ ಆಗುತ್ತದೆ. ಪಾರ್ಲರ್ ಅಂದರೆ ಆಗ ಅತಿಥಿಗಳನ್ನು ಕೂರಿಸುವ ಕೋಣೆ ಅಲ್ಲ, ಯಜಮಾನ ಮಲಗುವ ಕೋಣೆ.

ಕೊಟ್ಟಿಗೆಯ ವಿಷಯ. ಮನೆ, ಹುಲ್ಲಿನ ಕಣಜ, ದನದ ಕೊಟ್ಟಿಗೆ ಮೂರೂ ಒಂದೇ ಸಾಲಿನಲ್ಲಿ, ಒಂದೇ ಮಾಡಿನಡಿ ಇರುವ ಈ ಥರಕ್ಕೆ ‘ಲೇದ್ ಹೌಸ್’ ಎಂದು ಹೆಸರು. ಲೇದ್ ಎಂದರೆ ಕಣಜ. ವೈಕಿಂಗರು ತಂದ ನಾರ್ಸ್ ಭಾಷೆಯ ಶಬ್ದ. ಡೆವನ್ ಕಡೆಯ ‘ಲಾಂಗ್‌ಹೌಸ್’ ಬೇರೆ. ಅಲ್ಲಿ ಜನಕ್ಕೂ ದನಕ್ಕೂ ಒಂದೇ ಬಾಗಿಲು, ಒಳಗೆ ಹೋದ ಮೇಲೆ ಇವರು ಈ ಕಡೆ, ಅವು ಆ ಕಡೆ. ಲೇದ್ ಹೌಸಿನಲ್ಲಿ ಗೋಡೆ ಹಂಚಿಕೊಂಡರೂ ಬಾಗಿಲು ಸಾಮಾನ್ಯವಾಗಿ ಬೇರೆ ಬೇರೆ. ಒಂದು ಗೋಡೆ ಮತ್ತು ಮಾಡಿನ ಖರ್ಚು ಉಳಿಯಿತು, ವಾಸನೆ, ಧೂಳು, ಬೆಂಕಿಯ ಭಯ ದೂರ ಇತ್ತು. ಒಳಗಿಂದ ದಾರಿ ಇಲ್ಲದ್ದು ಮರೆವಿನಿಂದಲ್ಲ, ಬೇಕೆಂದೇ.

ಹೊರಗೆ ನಿಂತು ಮನೆ ಮತ್ತು ಕೊಟ್ಟಿಗೆ ಕೂಡುವ ಜಾಗ ನೋಡಿ. ಎರಡು ಕಡೆಯ ಕಲ್ಲುಗಳು ಬೆರಳು ಹೆಣೆದಂತೆ ಒಂದರೊಳಗೊಂದು ಹೋಗಿದ್ದರೆ ಒಟ್ಟಿಗೆ ಕಟ್ಟಿದ್ದು. ಮೇಲಿಂದ ಕೆಳಗೆ ನೆಟ್ಟಗೆ ಒಂದು ಗೀರು ಇದ್ದರೆ ಒಂದು ಮೊದಲು, ಇನ್ನೊಂದು ಆಮೇಲೆ. ಯಾವ ಕಡೆ ಚೆನ್ನಾಗಿ ಕೆತ್ತಿದ ಮೂಲೆಗಲ್ಲುಗಳಿವೆಯೋ ಅದು ಹಳೆಯದು.

ಇನ್ನು ಗೋಡೆ. ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಮಗಳ ದುಡ್ಡು ಹೋಗುವುದೋ ಉಳಿಯುವುದೋ ಇಲ್ಲೇ.

ಎರಡಡಿ ದಪ್ಪದ ಗೋಡೆ ಅಂದರೆ ಎರಡಡಿ ದಪ್ಪದ ಕಲ್ಲು ಅಲ್ಲ. ಹೊರಗೊಂದು ಕಲ್ಲಿನ ಪದರ, ಒಳಗೊಂದು ಪದರ, ನಡುವೆ ಚೂರುಕಲ್ಲು, ಮಣ್ಣು, ಸುಣ್ಣ ತುಂಬಿದ ಹೊಟ್ಟೆ. ಎರಡು ಪದರ ಬೇರೆಬೇರೆ ಆಗದಂತೆ ಅಲ್ಲಲ್ಲಿ ಉದ್ದ ಕಲ್ಲನ್ನು ಅಡ್ಡ ಹಾಕಿ ಹೊಲಿಗೆ ಹಾಕಿರುತ್ತಾರೆ. ಡೇಲ್ಸ್‌ನ ಸುಣ್ಣಕಲ್ಲು ಉಳಿಗೆ ಬಗ್ಗುವುದಿಲ್ಲ, ಚೌಕ ಮಾಡುವುದು ಕಷ್ಟ. ಅದಕ್ಕೇ ಗೋಡೆಗೆ ಒರಟು ಸುಣ್ಣಕಲ್ಲು, ಮೂಲೆಗೆ ಮತ್ತು ಬಾಗಿಲು ಕಿಟಕಿಯ ಚೌಕಟ್ಟಿಗೆ ಕೆತ್ತಲು ಬರುವ ಮರಳುಗಲ್ಲು. ನಿಮ್ಮ ಫೋಟೊದಲ್ಲಿ ಬಣ್ಣ ಎರಡು ಥರ ಇದ್ದರೆ ಇದೇ ಕಾರಣ.

ಈ ಗೋಡೆ ನೀರನ್ನು ತಡೆಯುವುದಿಲ್ಲ. ಕುಡಿಯುತ್ತದೆ, ಆಮೇಲೆ ಗಾಳಿಗೆ ಬಿಡುತ್ತದೆ. ಆ ಕೆಲಸ ಹೆಚ್ಚಾಗಿ ಮಾಡುವುದು ಕಲ್ಲಲ್ಲ, ಕಲ್ಲುಗಳ ನಡುವಿನ ಸುಣ್ಣದ ಗಾರೆ. ಗಾರೆ ಕಲ್ಲಿಗಿಂತ ಮೆತ್ತಗೆ, ತೇವ ಅದರ ಮೂಲಕ ಹೊರಗೆ ಹೋಗುತ್ತದೆ. ಸವೆದರೆ ಗಾರೆ ಸವೆಯಬೇಕು, ಕಲ್ಲು ಸವೆಯಬಾರದು. ನಮ್ಮ ಹಿರಿಯರ ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಬೀಳುತ್ತಿತ್ತು. ಇಂಗ್ಲೆಂಡಿನವರು ಒಳಗಿನ ಪ್ಲಾಸ್ಟರಿಗೆ ದನದ ಕೂದಲು ಬೆರೆಸುತ್ತಿದ್ದರು. ಸುಣ್ಣದ ಗುಣ ಎರಡು ಕಡೆಯೂ ಒಂದೇ.

1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಎಂಬಾತ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ತೆಗೆದುಕೊಂಡ. ಎಲ್ಲಿಯವನು ಗೊತ್ತೇ? ನಿಮ್ಮ ಮಗಳಿರುವ ಲೀಡ್ಸ್‌ನವನೇ. ಹೊಸ ಕಟ್ಟಡಕ್ಕೆ ಸಿಮೆಂಟ್ ದೇವರ ಹಾಗೆ, ಜಗಳವಿಲ್ಲ. ಹಳೇ ಕಲ್ಲುಗೋಡೆಗೆ ಹಚ್ಚಿದರೆ ಮಾತ್ರ ಪ್ಲಾಸ್ಟಿಕ್ ಕವರ್ ಸುತ್ತಿದ ಹಾಗೆ. ಕೂದಲೆಳೆಯಷ್ಟು ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇಲ್ಲ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಮರಳುಗಲ್ಲಿನ ಮುಖ ಹೋಳಿಗೆಯ ಪದರದ ಹಾಗೆ ಏಳುತ್ತದೆ. ನಾನು ಆ ದೇಶದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಯ ಸಂದುಗಳಿಗೆ ಸಿಮೆಂಟ್ ತುಂಬಿಸಿದ್ದೆ, ಗಟ್ಟಿ ಇರಲಿ ಎಂಬ ನಂಬಿಕೆಯಿಂದ. ಕೆಲವು ವರ್ಷ ಬಿಟ್ಟು ಹೋಗಿ ನೋಡಿದರೆ ಸಿಮೆಂಟ್ ಜೇನುಗೂಡಿನ ಹಾಗೆ ಎದ್ದು ನಿಂತಿತ್ತು, ಕಲ್ಲುಗಳು ಒಳಕ್ಕೆ ಕರಗಿದ್ದವು. ಮನೆಯೊಡತಿ ಬೈಯಲಿಲ್ಲ, ಚಹಾ ಕೊಟ್ಟರು. ಅದೇ ಜಾಸ್ತಿ ನೋವಾಯಿತು.

ಅದಕ್ಕೇ ಆ ಕಂಟ್ರಾಕ್ಟರ್ ಮಾತಿಗೆ ನನ್ನ ಉತ್ತರ: ಬೇಡ. ಕೆಮಿಕಲ್ ತುಂಬುವುದು ಇಟ್ಟಿಗೆ ಗೋಡೆಯಲ್ಲಾದರೂ ನೀರು ತಡೆಯುವ ಒಂದು ಗೆರೆಯಾಗಿ ನಿಂತೀತು. ಹೊಟ್ಟೆಯೊಳಗೆ ಚೂರುಕಲ್ಲು, ಪೊಳ್ಳು ಇರುವ ಗೋಡೆಯಲ್ಲಿ ಅದು ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಿದ್ದರೆ ಒಂದೆರಡು ವರ್ಷ ಒಳಗಡೆ ಒಣಗಿದಂತೆ ಕಾಣುತ್ತದೆ. ಒದ್ದೆ ಒಳಗೇ ಇದ್ದು ಇನ್ನೂ ಮೇಲೆ ಏರಿರುತ್ತದೆ, ಜಂತೆಯ ತುದಿಗಳು ಕೊಳೆಯುತ್ತಿರುತ್ತವೆ.

ಹಾಗಾದರೆ ನೀರು ಎಲ್ಲಿಂದ ಬರುತ್ತಿದೆ? ಹತ್ತರಲ್ಲಿ ಏಳೆಂಟು ಮನೆಗಳಲ್ಲಿ ನಾನು ಕಂಡದ್ದು ಎರಡೇ ಕಾರಣ. ಒಂದು, ಸೂರಿನ ಮಳೆನೀರು ಹಿಡಿಯುವ ದೋಣಿ ಒಡೆದಿರುತ್ತದೆ ಅಥವಾ ಎಲೆ ಕಟ್ಟಿರುತ್ತದೆ. ಡೇಲ್ಸ್‌ನಲ್ಲಿ ಗಾಳಿಗೆ ಮರೆಯಾಗಲೆಂದು ಮನೆ ಪಕ್ಕದಲ್ಲೇ ಸಿಕಮೋರ್ ಮರ ನೆಟ್ಟಿರುತ್ತಾರೆ, ಅದರ ಎಲೆ ಅಗಲ. ಇನ್ನೊಂದು, ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರ ಆಗಿರುತ್ತದೆ. ಮುನ್ನೂರು ವರ್ಷದ ಸಗಣಿ, ಮಣ್ಣು, ಜಲ್ಲಿ, ಕಾಂಕ್ರೀಟ್ ಒಂದರ ಮೇಲೊಂದು ಬಿದ್ದು ಅಂಗಳ ಏರುತ್ತಾ ಹೋಗುತ್ತದೆ. ಗುಡ್ಡದ ಬದಿಯ ಗೋಡೆಗೆ ಇದು ಇನ್ನೂ ಜಾಸ್ತಿ. ಗೋಡೆಯ ಪಕ್ಕದ ಮಣ್ಣನ್ನು ಒಳಗಿನ ನೆಲಕ್ಕಿಂತ ಕೆಳಗೆ ತೆಗೆಸಿ ನೀರು ಹರಿದು ಹೋಗುವಂತೆ ಮಾಡಬೇಕು. ಎಷ್ಟು ತೆಗೆಯಬಹುದು ಎಂದು ತಿಳಿದವರನ್ನು ಕೇಳಿ, ಈ ಮನೆಗಳ ಅಡಿಪಾಯ ಬಹಳ ಆಳ ಇರುವುದಿಲ್ಲ. ಆಮೇಲೆ ಸಿಮೆಂಟ್ ಸಂದುಗಳನ್ನು ಮೆಲ್ಲಗೆ, ಕೈ ಉಳಿಯಲ್ಲಿ ಬಿಡಿಸಿ ಸುಣ್ಣದ ಗಾರೆ ತುಂಬುವುದು. ಮೆಷಿನ್ ಕಟರ್ ಹಿಡಿದು ಬಂದವನನ್ನು ಗೇಟಿನಿಂದಲೇ ವಾಪಸ್ ಕಳಿಸಿ. ಹಿಮ ಬೀಳುವ ಕಾಲದಲ್ಲಿ ಸುಣ್ಣದ ಕೆಲಸ ಮಾಡಿಸಬಾರದು. ಒಳಗೆ ಹಚ್ಚಿದ ವಿನೈಲ್ ಪೇಂಟ್ ತೆಗೆದು ಸುಣ್ಣ ಬಳಿಯಬೇಕು. ಮುಚ್ಚಿದ ಚಿಮಣಿಗೆ ಗಾಳಿ ಆಡಲು ದಾರಿ ಬಿಡಬೇಕು.

ಇಷ್ಟು ಮಾಡಿ ಕಾಯಬೇಕು. ಗೋಡೆ ಒಂದು ಇಂಚು ಒಣಗಲು ಒಂದು ತಿಂಗಳು ಎಂಬುದು ಕೆಲಸ ಬಲ್ಲವರ ಲೆಕ್ಕ. ಎರಡಡಿಗೆ ಎಷ್ಟಾಯಿತು ನೀವೇ ಹೇಳಿ. ಅಳಿಯನಿಗೆ ಈ ಲೆಕ್ಕ ಮೊದಲೇ ತಿಳಿಸಿಬಿಡಿ.

ಹೊರಗೋಡೆಯ ಕಲ್ಲು ಈಗ ಬರಿಮೈಯಲ್ಲಿ ಇದೆಯೇ? ಎಷ್ಟೋ ಮನೆಗಳಿಗೆ ಮೊದಲು ಸುಣ್ಣದ ಒರಟು ಗಿಲಾವು, ಮೇಲೆ ಬಿಳಿ ಸುಣ್ಣ ಇತ್ತು. ಕಲ್ಲು ಕಾಣಬೇಕು ಎಂಬ ಶೋಕಿ ಆಮೇಲೆ ಬಂತು. ಹಳೇ ಕಟ್ಟಡಗಳನ್ನು ಕೆರೆದು ‘ಚೆಂದ’ ಮಾಡುವುದರ ವಿರುದ್ಧ ವಿಲಿಯಂ ಮಾರಿಸ್ 1877ರಲ್ಲಿ ಒಂದು ಸಂಘವನ್ನೇ ಕಟ್ಟಿದರು. ಅದು ಇಂದಿಗೂ ಇದೆ, ಮನೆ ಮಾಲೀಕರಿಗೆ ಸಲಹೆ ಕೊಡುತ್ತದೆ. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಎಸ್‌ಪಿಎಬಿ. ಮಗಳು ಹುಡುಕಿಕೊಳ್ಳಲಿ.

ಮಾಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಹಂಚಿನ ಜಾಗದಲ್ಲಿ ಸೀಳಿದ ಮರಳುಗಲ್ಲಿನ ಹಲಗೆ ಇದ್ದರೆ ಸೂರಿನಲ್ಲಿ ದೊಡ್ಡವು, ಮೇಲಕ್ಕೆ ಹೋದಂತೆ ಚಿಕ್ಕವು ಇರುತ್ತವೆ. ಓಕ್ ಮರದ ಗೂಟದಿಂದ ನೇತುಹಾಕಿರುತ್ತಾರೆ. ಅಷ್ಟು ಭಾರದ ಕಲ್ಲು ಜಾರಬಾರದೆಂದು ಇಳಿಜಾರು ಕಡಿಮೆ. ಹೆಚ್ಚಾಗಿ ಹಾಳಾಗುವುದು ಗೂಟ, ಕಲ್ಲಲ್ಲ. ಬಿಚ್ಚಿ ಅದೇ ಕಲ್ಲನ್ನು ವಾಪಸ್ ಹಾಕಬಹುದು. ಅಗ್ಗ ಎಂದು ಕಾಂಕ್ರೀಟ್ ಹಂಚು ಹಾಕಿಸಬೇಡಿ. ಇನ್ನು ಸೀಲಿಂಗ್ ತಗ್ಗು ಯಾಕೆ ಎಂದರೆ ಆಗಿನವರು ಕುಳ್ಳರಾಗಿದ್ದರು ಅಂತಲ್ಲ, ಬಿಸಿ ಮೇಲೆ ಹೋಗಿ ವ್ಯರ್ಥ ಆಗದಿರಲಿ ಎಂದು.

ತೊಲೆ ತೆಗೆಯುವುದು, ಬಾಗಿಲು ಒಡೆಯುವುದು ಎಂಬ ಅಳಿಯನ ಆಸೆಗೆ ಬರೋಣ. ತೊಲೆಗೆ ನನ್ನದು ಸಾಫ್ ಇಲ್ಲ. ಫೈರ್‌ಹುಡ್ ಹೋದರೂ ಅದು ಈಗ ಮಹಡಿಯನ್ನು ಹೊತ್ತಿರುತ್ತದೆ. ಬಾಗಿಲು ಸಾಧ್ಯ, ಆದರೆ ಹೊಟ್ಟೆಯಲ್ಲಿ ಚೂರುಕಲ್ಲು ತುಂಬಿದ ಗೋಡೆಗೆ ತೂತು ಮಾಡಿದರೆ ಮೂಟೆ ಬಿಚ್ಚಿದ ಹಾಗೆ ಸುರಿಯುತ್ತದೆ. ಮೊದಲು ಆಸರೆ ಕೊಟ್ಟು, ಸ್ವಲ್ಪಸ್ವಲ್ಪವಾಗಿ ಬಿಡಿಸಬೇಕು. ಅದಕ್ಕೂ ಮೊದಲು ಕಾನೂನು ಇದೆ.

1700ಕ್ಕಿಂತ ಹಳೆಯದಾಗಿದ್ದು ಮೂಲರೂಪ ಬಹುಮಟ್ಟಿಗೆ ಉಳಿಸಿಕೊಂಡ ಕಟ್ಟಡಗಳು ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ‘ಲಿಸ್ಟೆಡ್’, ಅಂದರೆ ಕಾನೂನಿನ ರಕ್ಷಣೆ ಇರುವ ಪಟ್ಟಿಗೆ ಸೇರಿದವು. ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಪಟ್ಟಿಯಲ್ಲಿ ಉಚಿತವಾಗಿ ನೋಡಬಹುದು. ಇಂಥ ಮನೆ ಸಾಮಾನ್ಯವಾಗಿ ಎರಡನೇ ದರ್ಜೆಯಲ್ಲಿರುತ್ತದೆ. ದರ್ಜೆ ಯಾವುದಾದರೂ ಕಟ್ಟಡ ಒಳಗೂ ಹೊರಗೂ ಪೂರ್ತಿ ರಕ್ಷಿತ. ಅದರ ಸ್ವರೂಪ ಬದಲಿಸುವ ಯಾವ ಕೆಲಸಕ್ಕೂ ಅನುಮತಿ ಬೇಕು. 1990ರ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಮಾಡಿದರೆ ಅದು ಕ್ರಿಮಿನಲ್ ಅಪರಾಧ, ಎರಡು ವರ್ಷದವರೆಗೆ ಜೈಲು ಆಗಬಹುದು. ಇನ್ನೊಂದು ಇದೆ, ಇದನ್ನು ವಕೀಲರಿಗೆ ಖಂಡಿತ ಹೇಳಿ. ಹಿಂದಿನ ಮಾಲೀಕ ಅನುಮತಿ ಇಲ್ಲದೆ ಕಿಟಕಿ ಬದಲಿಸಿದ್ದರೆ, ಅದನ್ನು ಸರಿಮಾಡಿ ಎಂಬ ನೋಟಿಸ್ ಈಗಿನ ಮಾಲೀಕರಿಗೆ ಬರಬಹುದು. ಅದಕ್ಕೆ ಇಷ್ಟು ವರ್ಷ ಎಂಬ ಗಡುವಿಲ್ಲ. ಕಾಗದಪತ್ರ ಆಗುವ ಮುಂಚೆಯೇ ಕೇಳಬೇಕಾದ ಪ್ರಶ್ನೆ ಇದು. ಕೊಟ್ಟಿಗೆಯಲ್ಲಿ ಬಾವಲಿ ಇದ್ದರೆ ಅವೂ ರಕ್ಷಿತ, 1981ರಿಂದ. ಅವುಗಳ ನೆಲೆಗೂ ರಕ್ಷಣೆ ಇದೆ, ಆ ಹೊತ್ತಿಗೆ ಅವು ಇಲ್ಲದಿದ್ದರೂ ಸುಮ್ಮನೆ ಮಾಡು ಬಿಚ್ಚುವ ಹಾಗಿಲ್ಲ.

ಬೇಸಿಗೆಯಲ್ಲಿ ನೀವು ಹೋದಾಗ ಒಂದು ದಿನ ಬಿಡುವು ಮಾಡಿಕೊಂಡು ಪಕ್ಕದ ಲೇಕ್ ಡಿಸ್ಟ್ರಿಕ್ಟಿನ ಟ್ರೌಟ್‌ಬೆಕ್ ಊರಿನ ಟೌನೆಂಡ್ ಮನೆ ನೋಡಿ. 1626ರ ರೈತರ ಮನೆ. ಬ್ರೌನ್ ಎಂಬ ಒಂದೇ ಮನೆತನ 1943ರವರೆಗೆ ಅಲ್ಲಿತ್ತು, ಈಗ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಒಳಗೆ ಕೆತ್ತನೆಯ ಮರದ ಸಾಮಾನು, ಎದುರಿಗೇ ದೊಡ್ಡ ಕಣಜ. ಫಾರ್ಮ್‌ಹೌಸ್ ಎಂದರೆ ನಮ್ಮ ಕಡೆ ಶನಿವಾರ ಭಾನುವಾರದ ಶೋಕಿ ಮನೆ ಆಗಿಬಿಟ್ಟಿದೆ. ಅಲ್ಲಿ ಹೋದರೆ ಆ ಶಬ್ದದ ಹಳೇ ಅರ್ಥ ಕಾಣುತ್ತದೆ.

ಮಗಳು ಈ ವಾರ ಮಾಡಬೇಕಾದದ್ದು ಇಷ್ಟು. ಹಳೇ ಕಟ್ಟಡದ ಅನುಭವ ಇರುವ ಸರ್ವೇಯರ್ (ಜಮೀನು ಅಳೆಯುವವರಲ್ಲ, ಕಟ್ಟಡ ಪರೀಕ್ಷಿಸುವವರು) ಒಬ್ಬರನ್ನು ಗೊತ್ತು ಮಾಡಲಿ. ಕೆಮಿಕಲ್ ಮಾರುವ ಕಂಪನಿ ಕಳಿಸಿದ ಫ್ರೀ ಸರ್ವೇಯರ್ ಬೇಡ. ಜೋರು ಮಳೆ ಬಂದ ದಿನ ಕೊಡೆ ಹಿಡಿದು ಮನೆ ಸುತ್ತ ಒಂದು ರೌಂಡ್ ಹೋಗಿ, ಸೂರಿನಿಂದ ನೀರು ಎಲ್ಲಿ ಬೀಳುತ್ತದೆ ಎಂದು ಫೋಟೊ ತೆಗೆಯಲಿ. ಆ ಪುಟ್ಟ ಕಿಟಕಿಯ ಒಳಬದಿಯ ಕಲ್ಲಿನಲ್ಲಿ ಮಸಿ ಕಂಡರೆ ಆ ಫೋಟೊ ನನಗೂ ಒಂದು ಕಳಿಸಿ.